ಏಸಿ ಒಂದು ಕಡೆ ಕೊರೆಯುವ ತಣ್ಣಗೆ, ಇನ್ನೊಂದು ಕಡೆ ಬೆಚ್ಚಗೆ. ಫ್ಲಾಪ್ ಮೋಟಾರ್ ಹೋಗಿದೆಯಾ?

ಕೇಳಿದವರು:
ಎಲ್ಲರಿಗೂ ನಮಸ್ಕಾರ. 7 ವರ್ಷ ಹಳೆಯ ಪೆಟ್ರೋಲ್ ಕಾರು, ಎರಡೂ ಕಡೆಗೆ ಬೇರೆ ಬೇರೆ ಟೆಂಪರೇಚರ್ ಇಡಬಹುದಾದ ಆಟೋಮ್ಯಾಟಿಕ್ ಏಸಿ. ಒಂದು ತಿಂಗಳಿಂದ ಡ್ರೈವರ್ ಕಡೆ ಗಾಳಿ ಬೆಚ್ಚಗೆ ಬರುತ್ತಿದೆ, ಪಕ್ಕದ ಸೀಟಿನವರು ಮಾತ್ರ ಕೈ ಮುದುರಿಕೊಂಡು ಕೂರುತ್ತಾರೆ. ಎರಡೂ ಕಡೆ 'ಲೋ'ಗೆ ಇಟ್ಟು, ಅಡುಗೆಮನೆಯ ಥರ್ಮಾಮೀಟರ್ ತಂದು ವೆಂಟ್‌ಗೆ ಸಿಕ್ಕಿಸಿ ನೋಡಿದೆ. ಆ ಕಡೆ 8 ಡಿಗ್ರಿ, ನನ್ನ ಕಡೆ 17. ಗಾಳಿಯ ರಭಸ ಎರಡೂ ಕಡೆ ಒಂದೇ. ಕ್ಯಾಬಿನ್ ಫಿಲ್ಟರ್ ಹೊಸದು.

ಡ್ಯಾಶ್‌ಬೋರ್ಡ್ ಒಳಗಿಂದ ಆಗಾಗ ಟಿಕ್ ಟಿಕ್ ಅಂತ ಸದ್ದು ಬೇರೆ. ಹಾಗಾಗಿ ಬಿಸಿ-ತಂಪು ಗಾಳಿ ಬೆರೆಸುವ ಫ್ಲಾಪ್ ಇದೆಯಲ್ಲ, ಅದರ ಮೋಟಾರ್ ಹೋಗಿದೆ ಅಂತ ತೀರ್ಮಾನಿಸಿ, ಗ್ಲೋವ್ ಬಾಕ್ಸ್ ಬಿಚ್ಚಿ ಇಟ್ಟಿದ್ದೇನೆ. ಹೊಸ ಮೋಟಾರ್ ಆರ್ಡರ್ ಮಾಡುವ ಮುಂಚೆ ಒಮ್ಮೆ ಕೇಳೋಣ ಅನ್ನಿಸಿತು.

ಉತ್ತರ 1:
ಮೋಟಾರೇ ಸರ್, ಅನುಮಾನವೇ ಬೇಡ. ನನ್ನ ಕಾರಿನಲ್ಲೂ ಇದೇ ಟಿಕ್ ಟಿಕ್. ಒಳಗಿನ ಪ್ಲಾಸ್ಟಿಕ್ ಗೇರಿನ ಎರಡು ಹಲ್ಲು ಮುರಿದಿತ್ತು. ಬಿಚ್ಚುವ ಮುಂಚೆ ಬ್ಯಾಟರಿ ಟರ್ಮಿನಲ್ ಸ್ವಲ್ಪ ಹೊತ್ತು ತೆಗೆದು ಹಾಕಿ ನೋಡಿ. ಕೆಲವು ಕಾರುಗಳಲ್ಲಿ ಫ್ಲಾಪ್‌ಗಳು ತಮ್ಮ ಜಾಗ ತಾವೇ ಮತ್ತೆ ಕಲಿತುಕೊಳ್ಳುತ್ತವೆ.

ಕೇಳಿದವರು:
10 ನಿಮಿಷ ತೆಗೆದು ಹಾಕಿದೆ, ಏನೂ ಬದಲಾಗಲಿಲ್ಲ. ಇನ್ನೊಂದು ವಿಷಯ, 'ಹೈ'ಗೆ ಇಟ್ಟರೆ ಎರಡೂ ಕಡೆ ಒಂದೇ ಸಮ ಬಿಸಿ ಗಾಳಿ ಬರುತ್ತದೆ. ಇದರಿಂದ ಏನಾದರೂ ಗೊತ್ತಾಗುತ್ತದಾ?

ಉತ್ತರ 2:
ಸ್ವಲ್ಪ ಗೊತ್ತಾಗುತ್ತದೆ. ಎರಡೂ ಫ್ಲಾಪ್ ಬಿಸಿ ತುದಿಯವರೆಗೆ ಹೋಗುತ್ತಿವೆ ಅಂತ ಅರ್ಥ. ತಂಪಿನ ತುದಿಗೆ ಬಂದಾಗ ಪೂರ್ತಿ ಮುಚ್ಚುತ್ತವಾ ಅನ್ನೋದು ಮಾತ್ರ ಇನ್ನೂ ಗೊತ್ತಿಲ್ಲ. ಆರ್ಡರ್ ಮಾಡಬೇಡಿ, ಕಾಸು ಖರ್ಚಿಲ್ಲದ ಒಂದು ಪರೀಕ್ಷೆ ಇದೆ.

ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಬಯಲಿನಲ್ಲಿ ಸ್ಟಾರ್ಟ್ ಮಾಡಿ (ಮುಚ್ಚಿದ ಗ್ಯಾರೇಜಿನಲ್ಲಿ ಬೇಡ, ಹೊಗೆ ತುಂಬುತ್ತದೆ). ತಕ್ಷಣ ಏಸಿ ಹಾಕಿ, ಎರಡೂ ಕಡೆ 'ಲೋ', ಒಳಗಿನ ಗಾಳಿಯೇ ಸುತ್ತುವ ಹಾಗೆ ಇಡಿ, ಎಂಜಿನ್ 1500 ಆರ್‌ಪಿಎಂ ಆಸುಪಾಸಿನಲ್ಲಿರಲಿ. ಎಂಜಿನ್ ಬಿಸಿಯಾಗುವ ಮುಂಚೆ, ಮೊದಲ ಮೂರು ನಾಲ್ಕು ನಿಮಿಷದಲ್ಲೇ ಎರಡೂ ಕಡೆ ಅಳೆಯಿರಿ. ಆಮೇಲೆ 20 ನಿಮಿಷ ಓಡಿಸಿ ಬಂದು ಇನ್ನೊಮ್ಮೆ ಅಳೆಯಿರಿ.

ಯಾಕೆ ಅಂದರೆ, ಡ್ಯಾಶ್‌ಬೋರ್ಡ್ ಒಳಗೆ ಗಾಳಿ ಮೊದಲು ಕೂಲಿಂಗ್ ಕಾಯಿಲ್ ದಾಟುತ್ತದೆ, ಆಮೇಲೆ ಫ್ಲಾಪ್ ಬಿಟ್ಟಷ್ಟು ಗಾಳಿ ಹೀಟರ್ ಮೂಲಕ ಹೋಗುತ್ತದೆ. ಹೀಟರ್‌ಗೆ ಬಿಸಿ ಬರೋದು ಎಂಜಿನ್ನಿನ ಕೂಲಂಟ್‌ನಿಂದ. ಕೂಲಂಟೇ ತಣ್ಣಗಿದ್ದಾಗ ಫ್ಲಾಪ್ ಅರ್ಧ ತೆರೆದೇ ಇದ್ದರೂ ಗಾಳಿಗೆ ಬಿಸಿ ಎಲ್ಲಿಂದ ಬರಬೇಕು? ಹಾಗಾಗಿ ಶುರುವಿನಲ್ಲಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇದ್ದು, ಎಂಜಿನ್ ಬಿಸಿಯಾದ ಹಾಗೆ ಒಂದು ಕಡೆ ಮೇಲೇರಿದರೆ ತಪ್ಪು ಫ್ಲಾಪಿನದು. ಮೊದಲ ನಿಮಿಷಗಳಿಂದಲೇ ವ್ಯತ್ಯಾಸ ಇದ್ದರೆ ಏಸಿ ಗ್ಯಾಸ್ (ಕಾಯಿಲ್‌ಗೆ ದ್ರವವಾಗಿ ಬಂದು, ಆವಿಯಾಗಿ ತಂಪು ಕೊಡೋದು ಇದೇ) ಕಡಿಮೆ ಆಗಿರೋದು ಜಾಸ್ತಿ ಸಾಧ್ಯ.

ಗ್ಯಾಸ್ ಕಡಿಮೆಯಾದರೆ ಎರಡೂ ಕಡೆ ಬೆಚ್ಚಗಾಗಬೇಕಲ್ವಾ ಅಂತ ಕೇಳುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಕಾಯಿಲ್ ಒಳಗೆ ತಂಪು ಹುಟ್ಟೋದು ದ್ರವ ಆವಿಯಾಗುವ ಜಾಗದಲ್ಲಿ. ದ್ರವ ಸಾಕಷ್ಟಿಲ್ಲದಿದ್ದರೆ ಅರ್ಧ ದಾರಿಯಲ್ಲೇ ಎಲ್ಲ ಆವಿಯಾಗಿ ಮುಗಿಯುತ್ತದೆ, ಉಳಿದ ಕಾಯಿಲ್‌ನಲ್ಲಿ ಬರೀ ಆವಿ ಓಡುತ್ತದೆ, ಅದು ಅಷ್ಟು ಶಾಖ ಹೀರುವುದಿಲ್ಲ. ಒಂದೇ ಕಾಯಿಲ್‌ನ ಒಂದು ಭಾಗ ತಣ್ಣಗೆ, ಇನ್ನೊಂದು ಭಾಗ ಬೆಚ್ಚಗೆ. ಯಾವ ಭಾಗದ ಗಾಳಿ ಯಾವ ವೆಂಟ್‌ಗೆ ಹೋಗುತ್ತದೆ ಅನ್ನೋದು ಕಾರಿನಿಂದ ಕಾರಿಗೆ ಬೇರೆ.

ಒಂದೆರಡು ಡಿಗ್ರಿ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಟಿಕ್ ಟಿಕ್ ಬಗ್ಗೆ ಒಂದು ಮಾತು: ಡ್ಯಾಶ್‌ಬೋರ್ಡ್ ಒಳಗೆ ಇಂಥ ಮೋಟಾರ್ ಒಂದಲ್ಲ, ಹಲವು ಇವೆ. ಹೊರಗಿನ ಗಾಳಿ, ಒಳಗಿನ ಗಾಳಿ ಬದಲಿಸುವ ಬಟನ್ ಒತ್ತಿದಾಗ ಮಾತ್ರ ಸದ್ದು ಬರುತ್ತದಾ ಗಮನಿಸಿ.

ಉತ್ತರ 3:
ಈ ಪರೀಕ್ಷೆಗೆ ನನ್ನ ಮತವೂ ಇದೆ. ನನ್ನದು ಉಲ್ಟಾ ಕೇಸ್. ಬೆಳಿಗ್ಗೆ ಎರಡೂ ಕಡೆ 9 ಡಿಗ್ರಿ, ಅರ್ಧ ಗಂಟೆ ಓಡಿಸಿದರೆ ಒಂದು ಕಡೆ 20. ಅದಕ್ಕೂ ಮುಂಚೆ ಸುಮ್ನೆ ಎರಡು ಸಲ ಗ್ಯಾಸ್ ತುಂಬಿಸಿ ದುಡ್ಡು ಕಳೆದುಕೊಂಡಿದ್ದೆ. ಫ್ಲಾಪಿನ ಕಡ್ಡಿ ಮೋಟಾರಿನಿಂದ ಕಳಚಿಕೊಂಡಿತ್ತು ಅಷ್ಟೇ.

ಕೇಳಿದವರು:
ಇವತ್ತು ಬೆಳಿಗ್ಗೆ ಮಾಡಿದೆ. ಹೊರಗೆ 24 ಡಿಗ್ರಿ ಇತ್ತು. ಮೂರನೇ ನಿಮಿಷಕ್ಕೆ ಆ ಕಡೆ 9, ನನ್ನ ಕಡೆ 17. ಎಂಜಿನ್ ಟೆಂಪರೇಚರ್ ಮುಳ್ಳು ಆಗ ಇನ್ನೂ ತಳದಲ್ಲೇ ಇತ್ತು. 20 ನಿಮಿಷ ಓಡಿಸಿ ಬಂದ ಮೇಲೆ 8 ಮತ್ತು 17. ಅಂದರೆ ಎಂಜಿನ್ ಬಿಸಿಗೂ ಇದಕ್ಕೂ ಸಂಬಂಧವೇ ಇಲ್ಲ! ಸದ್ದು ನೀವು ಹೇಳಿದ ಹಾಗೆ ಆ ಬಟನ್ ಒತ್ತಿದಾಗಲೇ ಬರುತ್ತಿದೆ. ಹಾಗಾದರೆ ಸ್ವಲ್ಪ ಗ್ಯಾಸ್ ಹಾಕಿಸಿಬಿಡಲಾ?

ಉತ್ತರ 2:
'ಸ್ವಲ್ಪ ಹಾಕಿಸೋದು' ಬೇಡ. ಗ್ಯಾಸ್ ಪೆಟ್ರೋಲ್ ಥರ ಉರಿದು ಖಾಲಿಯಾಗುವ ವಸ್ತು ಅಲ್ಲ. ವರ್ಷಗಟ್ಟಲೆ ಓಡಿದ ಮೇಲೆ ಹೋಸ್, ಸೀಲ್‌ಗಳಿಂದ ಒಂಚೂರು ಇಂಗಬಹುದು, ಅಷ್ಟೇ. ಇಷ್ಟು ವ್ಯತ್ಯಾಸ ಬರಬೇಕಾದರೆ ಎಲ್ಲೋ ಲೀಕ್ ಇರಬೇಕು.

ಇದ್ದ ಗ್ಯಾಸನ್ನು ಮೆಷಿನ್‌ನಲ್ಲಿ ಹೊರಗೆಳೆದು ತೂಕ ನೋಡಲು ಹೇಳಿ. ಎಷ್ಟು ಗ್ರಾಂ ಇರಬೇಕು, ಆರ್134ಎ ಗ್ಯಾಸಾ ಅಥವಾ ಆರ್1234ವೈಎಫ್ ಗ್ಯಾಸಾ ಅಂತ ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಬರೆದಿರುತ್ತದೆ. ಗೇಜ್ ಹಾಕಿ 'ಪ್ರೆಶರ್ ಸರಿ ಇದೆ' ಅಂದರೆ ನಂಬಬೇಡಿ. ಕಾರು ನಿಂತಿರುವಾಗ ಒಳಗೆ ಒಂದಿಷ್ಟು ದ್ರವ ಉಳಿದಿದ್ದರೂ ಸಾಕು, ಮುಳ್ಳು ಆ ದಿನದ ಶಾಖಕ್ಕೆ ತಕ್ಕ ಪ್ರೆಶರ್ ತೋರಿಸುತ್ತದೆ. 200 ಗ್ರಾಂ ಇದ್ದರೂ ಅದೇ, 500 ಇದ್ದರೂ ಅದೇ. ಅಂದಾಜಿನ ಮೇಲೆ ತುಂಬಿಸಿ ಜಾಸ್ತಿಯಾದರೆ ತಂಪು ಇನ್ನೂ ಕೆಡುತ್ತದೆ, ಕಂಪ್ರೆಸರ್‌ಗೂ ಭಾರ.

ಲೀಕ್ ಮುಚ್ಚುವ ದ್ರಾವಣ ಯಾರಾದರೂ ಕೊಟ್ಟರೆ ಬೇಡವೇ ಬೇಡ ಅನ್ನಿ, ಅದು ಸಣ್ಣ ದಾರಿಗಳಲ್ಲೇ ಗಟ್ಟಿಯಾಗಿ ಕೂರಬಹುದು. ಪೈಪ್ ಜೋಡಣೆಗೆ ನೀವೇ ಸ್ಪ್ಯಾನರ್ ಹಾಕಲೂ ಹೋಗಬೇಡಿ, ಒಳಗೆ ಒತ್ತಡ ಇರುತ್ತದೆ, ಚರ್ಮಕ್ಕೆ ತಗುಲಿದರೆ ಮರಗಟ್ಟುತ್ತದೆ. ಕಣ್ಣಲ್ಲಿ ನೋಡಲು ಅಡ್ಡಿಯಿಲ್ಲ: ಕಾರಿನ ಮುಂಭಾಗದ ಕಂಡೆನ್ಸರ್ (ಗ್ಯಾಸಿನ ಬಿಸಿ ಹೊರಹಾಕಿ ದ್ರವ ಮಾಡುವ ಭಾಗ), ಅದರ ಪೈಪ್ ಸೇರುವ ಮೂಲೆಗಳು. ಗ್ಯಾಸ್ ಜೊತೆ ಎಣ್ಣೆಯೂ ಹೊರಬರುವುದರಿಂದ ಲೀಕ್ ಇರುವ ಕಡೆ ಧೂಳು ಅಂಟಿ ಕಪ್ಪಗೆ ಜಿಡ್ಡು ಕಟ್ಟಿರುತ್ತದೆ.

ಉತ್ತರ 1:
ಸರಿ, ನಾನು ಆತುರಪಟ್ಟೆ. ಟಿಕ್ ಟಿಕ್ ಅಂದ ತಕ್ಷಣ ನನ್ನ ಕಾರೇ ಕಣ್ಣ ಮುಂದೆ ಬಂತು.

ಕೇಳಿದವರು:
ವಾರದ ನಂತರ ಬರೆಯುತ್ತಿದ್ದೇನೆ. ಸ್ಟಿಕ್ಕರ್ ಪ್ರಕಾರ 480 ಗ್ರಾಂ ಇರಬೇಕು, ಹೊರಗೆಳೆದಾಗ ಸಿಕ್ಕಿದ್ದು 290. ಕಂಡೆನ್ಸರ್‌ನ ಕೆಳ ಮೂಲೆಯಲ್ಲಿ, ಪೈಪ್ ಸೇರುವ ಕಡೆ, ಹೆಬ್ಬೆರಳಗಲದ ಜಿಡ್ಡು ಇತ್ತು. ಬಂಪರ್ ಕೆಳಗೆ ಮಲಗಿ ಟಾರ್ಚ್ ಬಿಟ್ಟಾಗ ನನಗೇ ಕಂಡಿತು. ಬೆರಳಿಗೆ ಹತ್ತಿದ್ದು ಮಸಿಯ ಹಾಗೆ, ಆದರೆ ಜಾರುತ್ತಿತ್ತು. ಅಲ್ಲಿದ್ದ ಓ-ರಿಂಗ್ (ಜೋಡಣೆಯ ರಬ್ಬರ್ ಉಂಗುರ) ಚಪ್ಪಟೆಯಾಗಿ ಅಂಚು ಸೀಳಿತ್ತು. ಹೊಸದು ಹಾಕಿ, ಒಳಗಿನ ಗಾಳಿ ಎಳೆದು ಅರ್ಧ ಗಂಟೆ ವ್ಯಾಕ್ಯೂಮ್ ನಿಲ್ಲುತ್ತದಾ ಅಂತ ನೋಡಿ, ಹೋದ ಎಣ್ಣೆಗೆ ಬದಲು ಸ್ವಲ್ಪ ಎಣ್ಣೆ ಸೇರಿಸಿ, ತೂಕ ಮಾಡಿಯೇ 480 ತುಂಬಿಸಿದರು. ಈಗ ಆ ಕಡೆ 6, ನನ್ನ ಕಡೆ 7.

ಟಿಕ್ ಟಿಕ್ ಇನ್ನೂ ಇದೆ. ಅದನ್ನು ಆಮೇಲೆ ನೋಡಿಕೊಳ್ಳುತ್ತೇನೆ, ಮೊದಲು ಗ್ಲೋವ್ ಬಾಕ್ಸ್ ವಾಪಸ್ ಕೂರಿಸಬೇಕು. ಬಿಚ್ಚುವಾಗ ಒಂದು ಕ್ಲಿಪ್ ಮುರಿದಿದ್ದೇನೆ.