ಪದಚರ್ಚೆ: ಪೆರೋಲ್, ಪ್ರೊಬೇಷನ್, ಫರ್ಲೋ – ಫಲಕಕ್ಕೆ ಕನ್ನಡ ಪದಗಳು ಬೇಕು (ತುರ್ತು)

ಬೆಳಗಾವಿಯಿಂದ:

ಮಾನ್ಯರೇ, ಹಿಂಡಲಗಾದ ಕೇಂದ್ರ ಕಾರಾಗೃಹದಲ್ಲಿರುವ ಬಂಧಿಗಳನ್ನು ಕಾಣಲು ಬರುವ ಮನೆಯವರಿಗಾಗಿ ಮಾಹಿತಿ ಫಲಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಬೆಳಗ್ಗೆ ಅದು ಮುದ್ರಣಕ್ಕೆ ಹೋಗಲೇಬೇಕು. ಪ್ರೊಬೇಷನ್ (ಶಿಕ್ಷೆಗೆ ಗುರಿಮಾಡದೆ ನ್ಯಾಯಾಲಯ ಬಿಡುವುದು), ಪೆರೋಲ್ (ತುರ್ತಿಗಾಗಿ ಕೆಲವು ದಿನ ಹೊರಗೆ ಬಿಡುವುದು), ಫರ್ಲೋ (ಕೆಲವು ವರ್ಷ ಶಿಕ್ಷೆ ಅನುಭವಿಸಿದವರನ್ನು ಕೆಲವು ದಿನ ಹೊರಗೆ ಬಿಡುವುದು), ರೆಮಿಷನ್ (ಶಿಕ್ಷೆಯನ್ನು ಕಡಿಮೆ ಮಾಡುವುದು) ಈ ನಾಲ್ಕಕ್ಕೂ ನನಗೆ ಸಿಕ್ಕಿರುವ ಹಳೆಯ ಕರಡಿನಲ್ಲಿ ‘ಸನ್ನಡತೆಯ ಬಿಡುಗಡೆ’ ಎಂದೇ ಇದೆ. ಮಗನಿಗೆ ಪೆರೋಲ್ ಸಿಕ್ಕಿತೆಂದು ಕೇಳಿದ ತಾಯಿ ಆ ಫಲಕವನ್ನೋದಿ, ಶಿಕ್ಷೆಯೇ ತೀರಿತೆಂದು ತಿಳಿದರೆ, ಅವನು ಮರಳಿ ಹಾಜರಾಗುವ ದಿನ ತಪ್ಪುತ್ತದೆ. ಗಡಿಭಾಗದ ಜನರಿಗೆ ಮಹಾರಾಷ್ಟ್ರದ ಕಾರಾಗೃಹಗಳಲ್ಲಿ ಪೆರೋಲಿಗೆ ಬಳಸುವ ‘ಅಭಿವಚನ ರಜಾ’, ಫರ್ಲೋಗೆ ಬಳಸುವ ‘ಸಂಚಿತ ರಜಾ’ ಕಿವಿಗೆ ಬಿದ್ದಿವೆ. ಅದೇ ಜಾಡಿನಲ್ಲಿ ‘ವಚನ ರಜೆ’ ಎನ್ನಬಹುದೇ? ಫಲಕದಲ್ಲಿ ಒಂದೊಂದಕ್ಕೂ ಎರಡು ಸಾಲಿಗಿಂತ ಹೆಚ್ಚು ಜಾಗವಿಲ್ಲ.

ಬಾಗಲಕೋಟೆಯಿಂದ:

‘ವಚನ ರಜೆ’ ಬೇಡವೇ ಬೇಡ. ಮೊದಲನೆಯದು ಸಂಸ್ಕೃತ, ಎರಡನೆಯದು ಅರಬ್ಬಿ, ಜೋಡಿಸಿದ್ದು ಮರಾಠಿ. ಇದರಲ್ಲಿ ಕನ್ನಡದ ಪಾಲೆಷ್ಟು? ಕೂಡಲಸಂಗಮದ ಮಗ್ಗುಲಲ್ಲಿರುವ ನಮಗೆ ವಚನವೆಂದರೆ ಏನು ನೆನಪಾಗುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೆರೋಲ್ ಫ್ರೆಂಚಿನಲ್ಲಿ ‘ಮಾತು’. ಸೆರೆಸಿಕ್ಕ ಯೋಧನು ಮತ್ತೆ ಆಯುಧ ಹಿಡಿಯುವುದಿಲ್ಲವೆಂದು ಕೊಟ್ಟ ಮಾತಿನ ಮೇಲೆ ಅವನನ್ನು ಬಿಡುತ್ತಿದ್ದರು. ಆದ್ದರಿಂದ ‘ನುಡಿಬಿಡುವು’ ಸರಿಯಾದ ಪದ. ಹಾಗೆಯೇ ಕಾರಾಗೃಹ, ಬಂದೀಖಾನೆ, ಜೈಲು ಮೂರನ್ನೂ ಕೈಬಿಟ್ಟು ‘ಸೆರೆಮನೆ’ ಎಂದು ಬರೆಯಿರಿ. ಹಳಗನ್ನಡದ ‘ಸೆಱೆ’, ತಮಿಳಿನ ‘ಸಿಱೈ’ ಒಂದೇ ಬೇರಿನವು. ಸ್ವಂತ ಪದವಿರುವಾಗ ಸಾಲ ಮಾಡುವುದು ಸಲ್ಲದು.

ವಿಜಯಪುರದಿಂದ:

ಫ್ರೆಂಚ್ ಬೇರು ಸರಿಯೇ ಇದೆ, ಆದರೆ ‘ನುಡಿಬಿಡುವು’ ಫಲಕಕ್ಕೆ ಸಲ್ಲದು. ನಮ್ಮೂರಿನ ದರ್ಗಾ ಜೈಲಿನ ಮುಂದೆ ಬುತ್ತಿ ಹಿಡಿದು ನಿಂತವರು ‘ಪೆರೋಲ್ ಮ್ಯಾಲೆ ಬಂದಾನ’ ಎಂದೇ ಹೇಳುತ್ತಾರೆ. ಅರ್ಜಿ ಬರೆಸುವಾಗಲೂ ಅವರ ಬಾಯಲ್ಲಿ ಬರುವುದು ಅದೇ ಪದ. ಅವರು ಬಲ್ಲ ಪದವನ್ನು ಕಿತ್ತುಕೊಂಡು ಅವರು ಕೇಳರಿಯದ ಪದವನ್ನು ಕೊಡುವುದು ಅನ್ಯಾಯವೆಂದೇ ನನ್ನ ಭಾವನೆ.

ಪದದ ಬೇರಿಗಿಂತ ಮೊದಲು, ಯಾವುದನ್ನು ಯಾರು ಕೊಡುತ್ತಾರೆಂಬುದನ್ನು ನೋಡಬೇಕು. ಸಂವಿಧಾನದ 7ನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 4ನೇ ನಮೂದು ಕಾರಾಗೃಹಗಳದ್ದು. ಆದಕಾರಣವೇ ನಮ್ಮಲ್ಲಿ 1963ರ ಕರ್ನಾಟಕ ಕಾರಾಗೃಹಗಳ ಅಧಿನಿಯಮವಿದೆ, ಪೆರೋಲಿನ ಷರತ್ತುಗಳನ್ನು ರಾಜ್ಯದ ನಿಯಮಗಳೂ ಕೈಪಿಡಿಯೂ ಗೊತ್ತುಪಡಿಸುತ್ತವೆ. ಪ್ರೊಬೇಷನ್ ಹಾಗಲ್ಲ. ಅದು 1958ರ ಕೇಂದ್ರ ಅಧಿನಿಯಮದ ಪ್ರಕಾರ ನ್ಯಾಯಾಲಯವು ಕೊಡುವಂಥದ್ದು. ತಪ್ಪಿತಸ್ಥನೆಂದು ತೀರ್ಮಾನವಾದವನನ್ನು ಕೂಡಲೇ ಶಿಕ್ಷೆಗೆ ಗುರಿಮಾಡದೆ, 3 ವರ್ಷ ಮೀರದ ಅವಧಿಗೆ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವ ವ್ಯವಸ್ಥೆ ಅದು. ಅಲ್ಲಿ ರಾಜ್ಯ ಸರ್ಕಾರದ ಪಾಲು ಮುಖ್ಯವಾಗಿ ಪರಿವೀಕ್ಷಣಾಧಿಕಾರಿಗಳನ್ನು ನೇಮಿಸುವುದು, ನಿಯಮಗಳನ್ನು ರಚಿಸುವುದು. ಪ್ರೊಬೇಷನ್‌ಗೆ ‘ಪರಿವೀಕ್ಷಣೆ’ ರೂಢಿಯಲ್ಲಿರುವ ಪದ, ಅದನ್ನೇ ಇಟ್ಟುಕೊಳ್ಳಿ. ‘ಪರೀಕ್ಷಾವಧಿ’ ಎಂದು ಬರೆದರೆ ಹೊಸದಾಗಿ ನೌಕರಿಗೆ ಸೇರಿದವರ ನೆನಪಾಗುತ್ತದೆ.

ಪೆರೋಲಿಗೆ ‘ರಜೆ’ ಎನ್ನುವುದಕ್ಕೆ ನನ್ನ ವಿರೋಧ ಮರಾಠಿಯ ಕಾರಣಕ್ಕಲ್ಲ. ರಜೆಯ ದಿನಗಳು ಸೇವೆಯ ಲೆಕ್ಕಕ್ಕೆ ಸೇರುತ್ತವೆಂಬುದು ಜನರ ತಿಳಿವಳಿಕೆ. ಗೋವಾದ ಪ್ರಕರಣವೊಂದರಲ್ಲಿ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಅವಧಿಪೂರ್ವ ಬಿಡುಗಡೆಗಾಗಿ 14 ವರ್ಷಗಳ ವಾಸ್ತವ ಸೆರೆವಾಸವನ್ನು ಎಣಿಸುವಾಗ ಪೆರೋಲಿನ ಅವಧಿಯನ್ನು ಕಳೆಯಬೇಕೆಂದು ಹೇಳಿತು. ಹಾಗಿರುವಾಗ ‘ರಜೆ’ ಎಂಬ ಪದವೇ ಮನೆಯವರ ಲೆಕ್ಕವನ್ನು ತಪ್ಪಿಸುತ್ತದೆ. ‘ಪೆರೋಲ್’ ಎಂದೇ ಬರೆದು ಕೆಳಗೆ ‘ತಾತ್ಕಾಲಿಕ ಬಿಡುವು’ ಎಂದು ವಿವರಿಸಿ. ಫರ್ಲೋ ಕೂಡ ಹಾಗೆಯೇ ಇರಲಿ. ಪೆರೋಲಿಗೆ ನಿರ್ದಿಷ್ಟ ತುರ್ತು ಬೇಕು, ಗೊತ್ತಾದಷ್ಟು ವರ್ಷ ಶಿಕ್ಷೆ ಅನುಭವಿಸಿದವನಿಗೆ ಫರ್ಲೋವನ್ನು ಕಾರಣವಿಲ್ಲದೆಯೂ ಕೊಡಬಹುದು ಎಂಬ ವ್ಯತ್ಯಾಸವನ್ನು 2021ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ಗುರುತಿಸಿದೆ.

ರೆಮಿಷನ್‌ಗೆ ‘ಶಿಕ್ಷೆಯ ಮಾಫಿ’ ಸಾಕು. ಆದರೆ ಅಲ್ಲಿ ಬರಿದೇ ‘ಸರ್ಕಾರ’ ಎಂದು ಬರೆಯಬೇಡಿ. ಆ ಅಧಿಕಾರ ಶಿಕ್ಷೆ ವಿಧಿಸಿದ ನ್ಯಾಯಾಲಯವಿರುವ ರಾಜ್ಯದ ಸರ್ಕಾರದ್ದೆಂದು ಬಿಲ್ಕಿಸ್ ಬಾನು ಪ್ರಕರಣದಲ್ಲಿ 2024ರ ಜನವರಿ 8ರಂದು ಸುಪ್ರೀಂ ಕೋರ್ಟಿನಲ್ಲಿ ತೀರ್ಪಾಗಿದೆ. ಗಡಿಯಾಚೆ ಮಹಾರಾಷ್ಟ್ರದ ಸಾಂಗಲಿಗೂ ಕೊಲ್ಹಾಪುರಕ್ಕೂ ನಂಟಿರುವ ನಿಮ್ಮ ಜಿಲ್ಲೆಯಲ್ಲಿ ಇದನ್ನು ಬಿಡಿಸಿ ಬರೆಯದಿದ್ದರೆ ಅರ್ಜಿ ತಪ್ಪು ಬಾಗಿಲಿಗೆ ಹೋಗುತ್ತದೆ.

ಬಾಗಲಕೋಟೆಯಿಂದ:

ಕಾನೂನು ಪಾಠ ಕೇಳಿರಲಿಲ್ಲ, ಪದ ಕೇಳಿದ್ದರು. ಜನ ಬಳಸುತ್ತಾರೆಂಬುದೇ ಅಳತೆಯಾದರೆ ನಾಳೆ ‘ತುರಂಗ’ವನ್ನೂ ಬರೆಯಬೇಕಾದೀತು, ನಮ್ಮ ಕಡೆಯ ಹಿರಿಯರು ಜೈಲಿಗೆ ಅದನ್ನೇ ಹೇಳುತ್ತಿದ್ದರು. ಸಂಸ್ಕೃತದಲ್ಲಿ ಅದು ಕುದುರೆ!

ವಿಜಯಪುರದಿಂದ:

ಆ ತುರಂಗಕ್ಕೂ ಕುದುರೆಗೂ ಸಂಬಂಧವಿಲ್ಲ. ಅದು ಪೋರ್ಚುಗೀಸರ ‘ತ್ರೋಂಕು’, ಮರಾಠಿಯ ‘ತುರುಂಗ’ವಾಗಿ ನಮ್ಮಲ್ಲಿಗೆ ಬಂದದ್ದು. ‘ಮುಚ್ಚಳಿಕೆ’ಯನ್ನು ಮುಚ್ಚಳದಿಂದ ಹುಟ್ಟಿಸುವವರೂ ಇದ್ದಾರೆ, ಅದು ಪಾರಸಿಯ ಮೂಲಕ ಬಂದ ತುರ್ಕಿ ಪದ. ಜಾಮೀನು, ಕೈದಿ, ಸಜೆ, ಮಾಫಿ ಇವನ್ನೆಲ್ಲ ಹೊರಹಾಕಿದ ಮೇಲೆ ನಮ್ಮ ನ್ಯಾಯಾಲಯಗಳಲ್ಲಿ ಒಂದು ಅರ್ಜಿಯನ್ನಾದರೂ ಬರೆಯಲು ಸಾಧ್ಯವೇ? ಇವು ನೂರಾರು ವರ್ಷ ನಮ್ಮ ಜನರ ಸಂಕಟವನ್ನು ಹೊತ್ತ ಪದಗಳು, ಇವೂ ಕನ್ನಡವೇ.

ಬೆಳಗಾವಿಯಿಂದ:

ಇಬ್ಬರಿಗೂ ಕೃತಜ್ಞತೆಗಳು. ಮುದ್ರಣಕ್ಕೆ ಹೋಗುವ ಸಾಲುಗಳು ಹೀಗಿವೆ: “ಪರಿವೀಕ್ಷಣೆ: ಮುಚ್ಚಳಿಕೆಯ ಮೇಲೆ ನ್ಯಾಯಾಲಯವೇ ಬಿಡುವುದು. ಪೆರೋಲ್: ತುರ್ತು ಕಾರಣಕ್ಕೆ ಕೊಡುವ ತಾತ್ಕಾಲಿಕ ಬಿಡುವು, ಶಿಕ್ಷೆ ಮುಗಿದಿಲ್ಲ, ಗೊತ್ತುಮಾಡಿದ ದಿನ ಬಂಧಿ ಮರಳಿ ಹಾಜರಾಗಲೇಬೇಕು. ಫರ್ಲೋ: ಗೊತ್ತಾದಷ್ಟು ವರ್ಷ ಶಿಕ್ಷೆ ಅನುಭವಿಸಿದವರಿಗೆ ಸಿಗಬಹುದಾದ ಬಿಡುವು, ಮರಳಿ ಹಾಜರಾಗಲೇಬೇಕು. ಶಿಕ್ಷೆಯ ಮಾಫಿ: ಶಿಕ್ಷೆ ವಿಧಿಸಿದ ನ್ಯಾಯಾಲಯವಿರುವ ರಾಜ್ಯದ ಸರ್ಕಾರಕ್ಕೆ ಅರ್ಜಿ ಸಲ್ಲಿಸಿ.” ‘ಸೆರೆಮನೆ’ ನನಗೂ ಪ್ರಿಯವಾದ ಪದವೇ, ಆದರೆ ಇಲಾಖೆಯ ಹೆಸರಿನಲ್ಲಿ ‘ಕಾರಾಗೃಹ’ ಇರುವುದರಿಂದ ಅದನ್ನು ಬದಲಿಸಲಾರೆ.

ಬಾಗಲಕೋಟೆಯಿಂದ:

‘ಬಂಧಿ’ ಅಲ್ಲ, ‘ಬಂದಿ’. ಬಂದೀಖಾನೆಯಲ್ಲಿ ಮಹಾಪ್ರಾಣವಿಲ್ಲ. ಮುದ್ರಣಕ್ಕೆ ಮೊದಲು ಅದನ್ನಾದರೂ ತಿದ್ದಿ.