ಜಿಪ್ಸಿಗೆ ಯಾವ ಇಸಿಯು (ಎಂಜಿನ್‌ನ ಪೆಟ್ರೋಲ್, ಸ್ಪಾರ್ಕ್ ನೋಡ್ಕೊಳ್ಳೋ ಕಂಪ್ಯೂಟರ್ ಡಬ್ಬ)? ಹಳೆ ಮೆಕ್ಯಾನಿಕಲ್ ಕ್ಲಾಸ್‌ನ ‘ಮೆಕ್ ಹುಡುಗ್ರು’ ಗುಂಪಿನ ಜಗಳ

ನಾಗರಾಜ: (ಹಲವು ಬಾರಿ ಫಾರ್ವರ್ಡ್ ಆಗಿದೆ) 🔥ಎಂಜಿನ್ ಸ್ವಾಪ್ ಮಾಡೋರೇ ಎಚ್ಚರ! ಕಂಪನಿಯ ಸ್ಟಾಕ್ ಇಸಿಯು ಕಿತ್ತು ಬಿಸಾಕಿ, ನಾವೇ ಟ್ಯೂನ್ ಮಾಡೋ ಸ್ಟ್ಯಾಂಡ್‌ಅಲೋನ್ ಇಸಿಯು ಹಾಕಿ. 30% ಪವರ್ ಜಾಸ್ತಿ!! ಎಲ್ಲರಿಗೂ ಕಳಿಸಿ🔥

ನಾಗರಾಜ: ನಾನು ಅವತ್ತೇ ಹೇಳಿದ್ದೆ. ಜಿಪ್ಸಿಗೆ ಹಳೆ ಬಲೆನೋ ಎಂಜಿನ್ ಕೂರಿಸ್ತಿರೋರು ನೋಡ್ಕೊಳ್ಳಿ @ಶೆಟ್ಟಿ

ವಿನಯ್: ಪವರ್ ಅಳೆದ ಡೈನೋ ಶೀಟ್ ಎಲ್ಲಿ?

ನಾಗರಾಜ: ಬಂದ ನೋಡಿ. ವೈವಾದಲ್ಲೂ ಎಕ್ಸ್‌ಟರ್ನಲ್ ಎಕ್ಸಾಮಿನರ್‌ಗೇ ಪ್ರಶ್ನೆ ಕೇಳಿದ್ದ ಆಸಾಮಿ

ವಿನಯ್: ಒಳಗಿನ ಕ್ಯಾಮ್ (ವಾಲ್ವ್ ತೆರೆಯೋ ಶಾಫ್ಟ್), ಕಂಪ್ರೆಷನ್ ಏನೂ ಮುಟ್ಟದ 1590 ಸಿಸಿ ಜಿ16ಬಿ ಎಂಜಿನ್ ಅದು. ಇಸಿಯು ಡಬ್ಬ ಬದಲಾಯಿಸಿದ ಮಾತ್ರಕ್ಕೆ ಒಳಗೆ ಹೋಗೋ ಗಾಳಿ ಜಾಸ್ತಿ ಆಗುತ್ತಾ? ಗಾಳಿ ಇಲ್ದೆ ಅಷ್ಟು ಪವರ್ ಎಲ್ಲಿಂದ? ಟರ್ಬೊ, ಪೆಟ್ರೋಲ್ ಚಿಮ್ಮಿಸೋ ದೊಡ್ಡ ಇಂಜೆಕ್ಟರ್ ಇದ್ರೆ ಸ್ಟ್ಯಾಂಡ್‌ಅಲೋನ್ ಮಾತು ಬೇರೆ

ಶೆಟ್ಟಿ: ನಾನು ಸ್ಟಾಕೇ ಹಾಕೋದು ಮಾರಾಯ

ವಿನಯ್: ಹಾಗಾದ್ರೆ ಒಂದೇ ಗಾಡಿಯಿಂದ ಪೂರ್ತಿ ಸೆಟ್ ತಗೋ. ಇಸಿಯು, ಕತ್ತರಿಸದ ವೈರಿಂಗ್, ಇಸಿಯುಗೆ ಕರೆಂಟ್ ಕೊಡೋ ಮೇನ್ ರಿಲೇ. ಕಳ್ಳತನ ತಡೆಯೋ ಇಮ್ಮೊಬಿಲೈಸರ್ ಇದ್ರೆ ಅದರ ಡಬ್ಬ, ಕೀ, ಕೀ ಸುತ್ತಿನ ಕಾಯಿಲ್ ಕೂಡ. ಇಲ್ದಿದ್ರೆ ಸ್ಟಾರ್ಟರ್ ತಿರುಗುತ್ತೆ, ಎಂಜಿನ್ ಹತ್ತಲ್ಲ. ಇಸಿಯುಗೆ ಗಾಡಿಯ ಸ್ಪೀಡ್ ಸಿಗ್ನಲ್ ಕೊಡದಿದ್ರೆ ಚೆಕ್ ಎಂಜಿನ್ ಲೈಟ್ ಉರಿಯುತ್ತೆ, ಟ್ರಾಫಿಕ್ ಸಿಗ್ನಲ್‌ಗೆ ಬಂದು ನಿಲ್ಲಿಸೋವಾಗ ಎಂಜಿನ್ ಆಫ್ ಆಗ್ಬಹುದು

ರಾವ್ ಸರ್: ಮೊದಲು ಮೋಟಾರು ವಾಹನ ಕಾಯ್ದೆಯಲ್ಲಿ ವಾಹನ ಮಾರ್ಪಾಡಿನ ಕುರಿತ 52ನೇ ಸೆಕ್ಷನ್ ಓದಿ. ಆರ್‌ಸಿಯಲ್ಲಿ ಒಂದು ಎಂಜಿನ್ ನಂಬರ್, ಗಾಡಿಯಲ್ಲಿ ಇನ್ನೊಂದು. ಇನ್ಶೂರೆನ್ಸ್‌ನವರು ಸುಮ್ಮನಿರ್ತಾರಾ? ಗಾಳಿ-ಪೆಟ್ರೋಲ್ ಬೆರೆಸುವ ಹಳೆ ಕಾಲದ ಕಾರ್ಬ್ಯುರೇಟರ್ ಬಿಚ್ಚುವ ತಾಳ್ಮೆ ಇದ್ದಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ 🙏

ಮಂಜ: ಸಾರ್ ಕಾರ್ಬ್ಯುರೇಟರ್ ಲ್ಯಾಬ್ ಮುಗಿಸಿ ಕ್ಯಾಂಟೀನ್ ಗೋಳಿಬಜೆ... ಆಹಾ

ಶೆಟ್ಟಿ: ಗೋಳಿಬಜೆ ಬಿಡೋ. ಸ್ಟ್ಯಾಂಡ್‌ಅಲೋನ್‌ಗೆ ಕೆಲಸ ಎಷ್ಟು?

ಅಶ್ವಿನಿ: ಸ್ಪೀಡುಯಿನೊ (ನಾವೇ ಜೋಡಿಸ್ಕೊಳ್ಳೋ ಸ್ಟ್ಯಾಂಡ್‌ಅಲೋನ್ ಇಸಿಯು) ಅಗ್ಗ, ಆದ್ರೆ ನಿದ್ದೆ ಹೋಗುತ್ತೆ. ಹೊಗೆಯಲ್ಲಿನ ಆಕ್ಸಿಜನ್ ಅಳೆಯೋ ವೈಡ್‌ಬ್ಯಾಂಡ್ ಸೆನ್ಸರ್ ಇಲ್ದೆ ಫ್ಯೂಯಲ್ ಟೇಬಲ್ (ಎಷ್ಟು ಪೆಟ್ರೋಲ್ ಅನ್ನೋ ಪಟ್ಟಿ) ಮುಟ್ಟಬೇಡ. ಇಂಜೆಕ್ಟರ್ ಕನೆಕ್ಟರ್ ಬಿಚ್ಚಿಟ್ಟು ಸ್ಟಾರ್ಟರ್ ಹೊಡಿ, ಲ್ಯಾಪ್‌ಟಾಪ್‌ನಲ್ಲಿ ಆರ್‌ಪಿಎಂ ಸ್ಥಿರವಾಗಿ ಬರಬೇಕು. ಆಮೇಲೆ ಕನೆಕ್ಟರ್ ಮತ್ತೆ ಹಾಕಿ, ಸ್ಟಾರ್ಟ್ ಮಾಡಿ ಸ್ಪಾರ್ಕ್ ಟೈಮಿಂಗ್ 10 ಡಿಗ್ರಿಗೆ ಲಾಕ್ ಮಾಡು, ಕ್ರ್ಯಾಂಕ್ ಪುಲ್ಲಿಗೆ ಟೈಮಿಂಗ್ ಲೈಟ್ (ಸ್ಪಾರ್ಕ್ ಜೊತೆ ಮಿನುಗೋ ಲೈಟ್) ಹಿಡಿದು 3000 ಆರ್‌ಪಿಎಂಗೆ ಏರಿಸು. ಪುಲ್ಲಿ ಮೇಲಿನ ಗುರುತು ಅಲ್ಲೇ ನಿಂತಿರಬೇಕು. ರೇಸ್ ಕೊಟ್ಟಂತೆ ಜಾರಿದ್ರೆ, ಎರಡು ವೈರಿನ ಮ್ಯಾಗ್ನೆಟಿಕ್ ಕ್ರ್ಯಾಂಕ್ ಸೆನ್ಸರ್ ಆದ್ರೆ, ವೈರ್ ಉಲ್ಟಾ ಆಗಿರಬಹುದು

ಅಶ್ವಿನಿ: ಆ ಸೆನ್ಸರ್ ವೈರಿನ ಶೀಲ್ಡ್ (ಸುತ್ತಿನ ಲೋಹದ ಹೊದಿಕೆ) ಇಸಿಯು ತುದಿಯಲ್ಲಿ ಮಾತ್ರ ಗ್ರೌಂಡ್. ಸೆನ್ಸರ್ ಗ್ರೌಂಡ್ ವೈರನ್ನ ಎಂಜಿನ್ ಬ್ಲಾಕಿಗೆ ಕಟ್ಟಿದ್ರೆ ರೀಡಿಂಗ್ ಕುಣಿಯುತ್ತೆ

ನಾಗರಾಜ: ಟೈಮಿಂಗ್ ಲೈಟ್ ಅಂದಾಗ ನೆನಪಾಯ್ತು. ನಂದು ಯಾರ ಹತ್ರ ಇದೆ?

ಮಂಜ: 👀 @ವಿನಯ್

ವಿನಯ್: 30% ಸೋರ್ಸ್ ಕೊಡು, ಲೈಟ್ ಕೊಡ್ತೀನಿ

ನಾಗರಾಜ: (ಈ ಸಂದೇಶವನ್ನು ಅಳಿಸಲಾಗಿದೆ)

ಶೆಟ್ಟಿ: ಆ ಲೈಟ್ ನನಗೆ ಕೊರಿಯರ್ ಮಾಡಿ, ಜಗಳ ಆಮೇಲೆ ಆಡಿ