ಎಪಾಕ್ಸಿ ಪ್ರೈಮರ್ ಮೂರು ವಾರವಾದರೂ ಅಂಟಂಟು, ಅಲ್ಲಲ್ಲಿ ಸುಕ್ಕು, ಗುಳ್ಳೆ: ಮೇಲೆ ಪಿಯು (ಪಾಲಿಯುರೆಥೇನ್ ಬಣ್ಣ) ಹೊಡೆಯಬಹುದೇ?

ಕಡಲತಡಿ:
ಮಲ್ಪೆ ಹತ್ತಿರ, ಸಮುದ್ರದಿಂದ ಸುಮಾರು 400 ಮೀಟರ್ ದೂರದ ಮನೆ ಗೇಟು. ಚೌಕಟ್ಟು ಎಂಎಸ್ (ಸಾದಾ ಕಬ್ಬಿಣ) ಚೌಕ ಪೈಪು, ನಡುವಿನ ಸರಳು ಜಿಐ (ಸತು ಲೇಪಿಸಿದ ಕಬ್ಬಿಣ). ಹಳೆಯ ರೆಡ್ ಆಕ್ಸೈಡ್, ಎನಾಮೆಲ್ ಗಟ್ಟಿಯಿದ್ದ ಕಡೆ ಹಾಗೇ ಬಿಟ್ಟು, ಉಳಿದದ್ದನ್ನು ವೈರ್ ಬ್ರಷ್ ಮತ್ತು 80 ನಂಬರ್ ಎಮರಿಯಲ್ಲಿ ಉಜ್ಜಿದೆ. ತುಕ್ಕಿನ ಮೇಲೆ ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿಸುವ ದ್ರವ), ಅದು ಒಣಗಿದ ಮೇಲೆ ಎಲ್ಲ ಕಡೆ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್. ಅಳತೆ 4:1, ಬೇಸ್ ನಾಲ್ಕು ಪಾಲಿಗೆ ಹಾರ್ಡ್‌ನರ್ ಒಂದು, ಎಂದಿತ್ತು. ಮಳೆಗಾಲ, ಬೇಗ ಗಟ್ಟಿಯಾಗಲಿ ಎಂದು ಹಾರ್ಡ್‌ನರ್ ಒಂದೂವರೆ ಪಾಲು ಹಾಕಿದೆ. ಹಚ್ಚಿದ್ದು ಬೆಳಿಗ್ಗೆ 7ಕ್ಕೆ.
ಈಗ ಹಳೆ ಎನಾಮೆಲ್ ಮೇಲೆ ಸುಕ್ಕು. ಕನ್ವರ್ಟರ್ ಬಿದ್ದ ಕಡೆ ಉಗುರು ಇಳಿಯುತ್ತದೆ. ಜಿಐ ಸರಳಿನಲ್ಲಿ ಹಳೆ ಬಣ್ಣ ಸಮೇತ ಹಾಳೆಯಂತೆ ಏಳುತ್ತಿದೆ. ಕೆಳಪಟ್ಟಿಯ ಉದ್ದಕ್ಕೂ ಗುಳ್ಳೆ. ಪಿಯು ಹೊಡೆದು ಮುಚ್ಚಿದರೆ ನಿಂತೀತೆ?

ಎರಡುಡಬ್ಬಿ:
ನಿಲ್ಲುವುದಿಲ್ಲ. ಮೇಲಿನ ಕೋಟು ಎಷ್ಟೇ ಒಳ್ಳೆಯದಾದರೂ ಕೆಳಗಿನ ಕೋಟು ಹಿಡಿದಷ್ಟೇ ಹಿಡಿಯುತ್ತದೆ. ನಿಮ್ಮದು ಒಂದು ತೊಂದರೆ ಅಲ್ಲ, ನಾಲ್ಕು, ಕಾರಣಗಳೂ ಬೇರೆ ಬೇರೆ.

ಮೊದಲು ಹಾರ್ಡ್‌ನರ್ ವಿಷಯ. ಎನಾಮೆಲ್ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಎಪಾಕ್ಸಿ ಹಾಗಲ್ಲ. ಬೇಸಿನಲ್ಲಿರುವ ಎಪಾಕ್ಸಿ ಗುಂಪಿಗೆ ಹಾರ್ಡ್‌ನರ್‌ನ ಅಮೀನ್ ಜೋಡಿಯಾಗಬೇಕು, ಲೆಕ್ಕ ಹಾಕಿಯೇ 4:1 ಕೊಟ್ಟಿರುತ್ತಾರೆ. ಹೆಚ್ಚು ಸುರಿದರೆ ಮಿಕ್ಕ ಅಮೀನ್‌ಗೆ ಜೋಡಿಯಿಲ್ಲ; ಪದರದೊಳಗೆ ಮೆತ್ತಗೆ ಕೂತು ನೀರೆಳೆಯುತ್ತದೆ. ಹಾರ್ಡ್‌ನರ್ ಜಾಸ್ತಿಯಾದರೆ ಬೇಗ ಗಟ್ಟಿ ಎನ್ನುವುದು ಪಾಲಿಯೆಸ್ಟರ್ ಪುಟ್ಟಿಯಿಂದ ಬಂದ ಅಭ್ಯಾಸ, ಅಲ್ಲಿನ ರಸಾಯನವೇ ಬೇರೆ. 25 ಡಿಗ್ರಿಯಲ್ಲಿ ಸಾಮಾನ್ಯವಾಗಿ 7 ದಿನಕ್ಕೆ ಪೂರ್ತಿ ಬಲಿಯಬೇಕಾದದ್ದು ಮೂರು ವಾರಕ್ಕೂ ಬಲಿಯದಿದ್ದರೆ ಇನ್ನು ಬಲಿಯುವುದಿಲ್ಲ.

ಕನ್ವರ್ಟರ್ ಬಿದ್ದಲ್ಲಿ ಇನ್ನೂ ಕೆಟ್ಟದ್ದು. ಅದರಲ್ಲಿ ಫಾಸ್ಫಾರಿಕ್ ಆಮ್ಲ ಇದ್ದರೆ ತೊಳೆಯದೆ ಉಳಿದ ಆಮ್ಲ ಅಮೀನನ್ನು ತಾನೇ ಕಟ್ಟಿಹಾಕುತ್ತದೆ, ತಳದ ಪದರ ಬಲಿಯುವುದೇ ಇಲ್ಲ. ಎಪಾಕ್ಸಿ ಕೆಳಗೆ ಕನ್ವರ್ಟರ್ ಬೇಡವೇ ಬೇಡ.

ಸುಕ್ಕು ಬಂದದ್ದು ಎಪಾಕ್ಸಿ ಥಿನ್ನರ್‌ನಿಂದ. ಅದರಲ್ಲಿನ ಜೈಲೀನ್, ಕೀಟೋನ್ ಹಳೆ ಎನಾಮೆಲನ್ನು ಉಬ್ಬಿಸಿ ಎತ್ತಿಬಿಡುತ್ತವೆ. ಇದಕ್ಕೆ ಮೊದಲೇ ಪರೀಕ್ಷೆಯಿದೆ: ಬಟ್ಟೆಯನ್ನು ಅದೇ ಥಿನ್ನರ್‌ನಲ್ಲಿ ಅದ್ದಿ 10 ನಿಮಿಷ ಹಳೆ ಬಣ್ಣದ ಮೇಲಿಡಿ. ಮೆತ್ತಗಾದರೆ ಅದರ ಮೇಲೆ ಎಪಾಕ್ಸಿ ಹಚ್ಚಬಾರದು.

ಎಮರಿ80:
ಜಿಐ ಸರಳಿನಿಂದ ಎದ್ದ ಹಾಳೆಯ ಬೆನ್ನು ನೋಡಿದಿರಾ? ಬಿಳಿ ಹುಡಿ, ಸ್ವಲ್ಪ ಜಿಡ್ಡು ಇದ್ದರೆ ಎನಾಮೆಲ್ ಸೋಪಾಗಿದೆ ಅಂತ ಲೆಕ್ಕ. ಎನಾಮೆಲಿನ ಅಂಟು ಆಲ್ಕಿಡ್, ಎಂದರೆ ಎಣ್ಣೆಯಿಂದ ಮಾಡಿದ ಎಸ್ಟರ್. ಸತು ತೇವದಲ್ಲಿ ಕ್ಷಾರವಾಗಿ ಆ ಎಸ್ಟರನ್ನು ಒಡೆದು ಸತುವಿನ ಸೋಪು ಮಾಡುತ್ತದೆ. ತಿಂಗಳುಗಟ್ಟಲೆ ಗಟ್ಟಿ ಕಂಡು ಒಮ್ಮೆಗೇ ಸುಲಿಯುವುದು ಇದಕ್ಕೇ. ಜಿಐ ಮೇಲೆ ರೆಡ್ ಆಕ್ಸೈಡನ್ನೂ ಹಚ್ಚಬೇಡಿ. ಅದೂ ಆಲ್ಕಿಡ್ಡೇ, ಅದರ ಕೆಂಪು ಬರೀ ಐರನ್ ಆಕ್ಸೈಡ್. ತುಕ್ಕು ತಡೆಯುವ ಗುಣ ಆ ಪುಡಿಗಿಲ್ಲ.

ಗುಳ್ಳೆಯೊಂದನ್ನು ಚುಚ್ಚಿ ನೋಡಿ. ಥಿನ್ನರ್ ವಾಸನೆ ಬಂದರೆ ಕೋಟು ದಪ್ಪವಾಗಿ ಥಿನ್ನರ್ ಸಿಕ್ಕಿಹಾಕಿಕೊಂಡಿದೆ. ಬರೀ ನೀರಿದ್ದು, ಅಡಿಯ ಕಬ್ಬಿಣ ಕಪ್ಪಾಗಿದ್ದರೆ ಕೋಟಿನಡಿ ಉಳಿದ ಉಪ್ಪು ನೀರೆಳೆದಿದೆ.

ಕಡಲತಡಿ:
ನೀರು, ಅಡಿ ಕಪ್ಪು. ಹಾಳೆಯ ಬೆನ್ನಿನಲ್ಲಿ ಬಿಳಿ ಹುಡಿ. ಪೂರ್ತಿ ಕೆರೆಯುತ್ತೇನೆ, ಕ್ರಮ ಹೇಳಿ. ಅಂಗಡಿಯವರು ಝಿಂಕ್ ರಿಚ್ ಪ್ರೈಮರ್ ತಗೊಳ್ಳಿ ಎನ್ನುತ್ತಿದ್ದಾರೆ.

ಎಮರಿ80:
ಝಿಂಕ್ ರಿಚ್ ಬೇಡ ಮಾರಾಯ್ರೆ, ದುಡ್ಡು ನೀರಿಗೆ ಹಾಕಿದ ಹಾಗೆ. ಸತುವಿನ ಕಣ ಬರಿ ಕಬ್ಬಿಣಕ್ಕೆ ತಾಗಿದರೆ ಮಾತ್ರ ಅದು ಕೆಲಸ ಮಾಡುವುದು. ಅದಕ್ಕೆ ಬ್ಲಾಸ್ಟಿಂಗ್ ಮಾಡಿದ (ಮರಳಿನಂಥ ಕಣ ಚಿಮ್ಮಿಸಿ ಶುಚಿ ಮಾಡಿದ) ಎಸ್‌ಎ 2½ ದರ್ಜೆಯ ಮೇಲ್ಮೈ ಬೇಕು. ಗ್ರೈಂಡರ್‌ನಲ್ಲಿ ನೀವು ಮುಟ್ಟುವುದು ಅದಕ್ಕಿಂತ ಕೆಳಗಿನ ಎಸ್‌ಟಿ 3 ದರ್ಜೆ. ಅದಕ್ಕೆ ಝಿಂಕ್ ಫಾಸ್ಫೇಟ್ ಎಪಾಕ್ಸಿ, ಡಬ್ಬಿಯಲ್ಲಿ ಸರ್ಫೇಸ್ ಟಾಲರೆಂಟ್ (ಬ್ಲಾಸ್ಟಿಂಗ್ ಇಲ್ಲದ ಮೇಲ್ಮೈಗೂ ಆಗುವುದು) ಎಂದು ಇರುವಂಥದ್ದು ನೋಡಿ. ಜಿಐಗೂ ಆಗುತ್ತದೆಯೇ ಎಂದು ಡೇಟಾ ಶೀಟಿನಲ್ಲಿ ಓದಿಕೊಳ್ಳಿ.

ಕೆರೆಯುವ ಮೊದಲೇ ಸೋಪುನೀರು, ಆಮೇಲೆ ಧಾರಾಳ ಸಿಹಿನೀರು. ಉಪ್ಪಿನ ಮೇಲೆ ಗ್ರೈಂಡರ್ ಆಡಿಸಿದರೆ ಅದು ತುಕ್ಕಿನ ಗುಂಡಿಯೊಳಗೆ ಇನ್ನೂ ಒತ್ತಿಕೊಳ್ಳುತ್ತದೆ. ಅಂಟಂಟಿರುವುದನ್ನು ಥಿನ್ನರ್ ಬಟ್ಟೆಯಿಂದ ಮೆತ್ತಗೆ ಮಾಡಿ ಸ್ಕ್ರೇಪರ್‌ನಲ್ಲಿ ತೆಗೆಯಿರಿ, ಡಿಸ್ಕ್ ಹಾಕಿದರೆ ಬಳಿದುಕೊಳ್ಳುತ್ತದೆ. ಎಂಎಸ್‌ಗೆ 60 ನಂಬರ್ ಫ್ಲಾಪ್ ಡಿಸ್ಕ್. ವೈರ್ ಕಪ್ ಕೊನೆಗೆ ಬೇಡ, ಹೊಳಪು ಬರುತ್ತದೆ, ಹಿಡಿತ ಬರುವುದಿಲ್ಲ. ಜಿಐಗೆ ಗ್ರೈಂಡರ್ ಮುಟ್ಟಿಸಬೇಡಿ, ಸತುವೇ ಹೋಗುತ್ತದೆ. 120ರ ಎಮರಿ ಕೈಯಲ್ಲಿ. ವೆಲ್ಡಿನ ಹತ್ತಿರ ಸತು ಸುಟ್ಟಿರುತ್ತದೆ, ಅಷ್ಟು ಜಾಗ ಎಂಎಸ್ ಲೆಕ್ಕ. ಚೂಪು ಅಂಚು ದುಂಡಗೆ ಮಾಡಿ. ಮತ್ತೊಮ್ಮೆ ತೊಳೆದು, ಒಣಗಿಸಿ, ಥಿನ್ನರ್‌ನಲ್ಲಿ ಒರೆಸಿ ಅದೇ ದಿನ ಪ್ರೈಮರ್.

ಗೇಟು 2017ಕ್ಕಿಂತ ಹಳೆಯದಾಗಿದ್ದರೆ ಹಳೆ ಬಣ್ಣದಲ್ಲಿ ಸೀಸ ಇರಬಹುದು (90 ಪಿಪಿಎಂ ಮಿತಿ ಜಾರಿಯಾದದ್ದು ಆ ವರ್ಷ). ಆ ಹಳೆ ಬಣ್ಣಕ್ಕೆ ಒಣ ಡಿಸ್ಕ್ ಬೇಡ. ಒದ್ದೆ ಮಾಡಿ ಕೈಯಲ್ಲಿ ಕೆರೆಯಿರಿ, ಸುಡಬೇಡಿ, ಹುಡಿಯನ್ನು ಒಟ್ಟು ಮಾಡಿ.

ಎರಡುಡಬ್ಬಿ:
ಸಮಯದ ಮಾತು. ಕಬ್ಬಿಣದ ಬಿಸಿ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಹನಿಯಾಗತೊಡಗುವ ಬಿಸಿ) ಕನಿಷ್ಠ 3 ಡಿಗ್ರಿ ಮೇಲಿರಬೇಕು. ಗಾಳಿ 28 ಡಿಗ್ರಿ, ತೇವಾಂಶ 90 ಶೇಕಡಾ ಎಂದರೆ ಇಬ್ಬನಿ ಬಿಂದು 26.2. ರಾತ್ರಿಯೆಲ್ಲ ತಣಿದ ಪೈಪು ಬೆಳಿಗ್ಗೆ 7ಕ್ಕೆ ಕಣ್ಣಿಗೆ ಕಾಣದಷ್ಟು ಒದ್ದೆ. ಮಳೆ ಮುಗಿಯಲಿ, ಬೆಳಿಗ್ಗೆ 10ಕ್ಕೆ ಶುರು ಮಾಡಿ ಮಧ್ಯಾಹ್ನ 3ರೊಳಗೆ ನಿಲ್ಲಿಸಿ. ಸಂಜೆ ಹಚ್ಚಿದರೆ ತೇವ, ಇಂಗಾಲದ ಡೈ ಆಕ್ಸೈಡ್ ಸೇರಿ ಅಮೀನ್ ಮೇಲೆ ಬಂದು ಬೂದಿಯಂಥ ಜಿಡ್ಡು ಕೂರುತ್ತದೆ. ಅದು ಥಿನ್ನರ್‌ಗೆ ಹೋಗುವುದಿಲ್ಲ, ಬೆಚ್ಚಗಿನ ಸೋಪುನೀರಿಗೆ ಹೋಗುತ್ತದೆ.

ಬೇಸನ್ನು ತಳದಿಂದ ಕಲಕಿ, ಅಳತೆ ಕಪ್ಪಿನಲ್ಲಿ ಸರಿಯಾಗಿ 4:1. ಡಬ್ಬಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 15–20 ನಿಮಿಷ, ಬಿಟ್ಟು ಹಚ್ಚಿ. ಘನಾಂಶ (ಥಿನ್ನರ್ ಆರಿದ ಮೇಲೆ ಉಳಿಯುವ ಭಾಗ) 50 ಶೇಕಡಾ ಇದ್ದರೆ 50 ಮೈಕ್ರಾನ್ ಒಣ ಪದರಕ್ಕೆ 100 ಮೈಕ್ರಾನ್ ಹಸಿ. ಲೀಟರಿಗೆ 10 ಚದರ ಮೀಟರ್. 12 ಚದರ ಮೀಟರಿನ ಗೇಟಿಗೆ ಬ್ರಷ್ಷಿಗೆ ಹೋಗುವುದೂ ಸೇರಿ ಕೋಟಿಗೆ ಒಂದೂವರೆ ಲೀಟರ್ ಹಿಡಿಯಿರಿ. ಅಂಚು, ವೆಲ್ಡಿಗೆ ಮೊದಲು ಬ್ರಷ್ಷಿನಲ್ಲಿ ಒಂದು ಪಟ್ಟಿ, ಆಮೇಲೆ ಎರಡು ಪೂರ್ತಿ ಕೋಟು. ಬಿಸಿಲಿಗೆ ಎಪಾಕ್ಸಿ ಸುಣ್ಣದಂತೆ ಹುಡಿಯಾಗುತ್ತದೆ, ಪಿಯು ಬೇಕೇ ಬೇಕು. ರೀಕೋಟ್ ಅವಧಿ (ಮುಂದಿನ ಕೋಟು ಹಚ್ಚಲು ಡಬ್ಬಿ ಕೊಟ್ಟ ಗಡುವು) ಮೀರಿದರೆ 220ರಲ್ಲಿ ಉಜ್ಜಿ. ಪಿಯು ಹಾರ್ಡ್‌ನರ್ ಐಸೊಸಯನೇಟ್, ತೇವ ತಾಗಿದರೆ ಡಬ್ಬಿಯಲ್ಲೇ ನೊರೆಗಟ್ಟುತ್ತದೆ. ಸ್ಪ್ರೇ ಬೇಡ, ಬ್ರಷ್ ಅಥವಾ ರೋಲರ್ ಸಾಕು.

ಎಮರಿ80:
ಒಂದು ಬಿಟ್ಟುಹೋಯಿತು. ಗುಳ್ಳೆ ಕೆಳಪಟ್ಟಿಯ ಉದ್ದಕ್ಕೂ ಎಂದಿರಿ. ಪೈಪಿನ ತಲೆ ಮುಚ್ಚಿದೆಯೇ ನೋಡಿ, ಒಳಗೆ ನೀರು ನಿಂತಿರಬಹುದು. ಕೆರೆಯುವ ಮೊದಲು ಅಡಿಯಲ್ಲಿ 6 ಎಂಎಂ ತೂತು ಎರಡು ಕಡೆ ಕೊರೆದು ಬಸಿಯಲು ಬಿಡಿ.

ಕಡಲತಡಿ:
ಕೊರೆದೆ. ಒಂದು ಚೊಂಬಿನಷ್ಟು ಕೆಂಪು ನೀರು ಬಂತು.